ಹೆಡ್‌ಮೇಷ್ಟರ ಕುರ್ಚಿ

ಬರಿದಾದ ಕುರ್ಚಿಯನ್ನು ಕಂಡು ಭಯಪಡುವವರು ಲೋಕದಲ್ಲಿ ವಿರಳ. ಕಚೇರಿಯಲ್ಲಿ ಕುರ್ಚಿ ಬರಿದಾದರೆ ಅದರಲ್ಲಿ ಕೂರಲು ಹಾತೊರೆಯುವವರು ಹತ್ತು ಮಂದಿ ಇರುತ್ತಾರೆ. ಸಭೆಯಲ್ಲಿ ಬರಿದಾದರೆ ಹಿಂದಿನ ಸಾಲಿನವರು ಮುಂದಕ್ಕೆ ಬರುತ್ತಾರೆ. ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟರ ಕುರ್ಚಿ ಮಾತ್ರ ಈ ವರ್ಗಕ್ಕೆ ಸೇರಿದುದಲ್ಲ. ಅದು ಬರಿದಾದಾಗ ಶಾಲೆಯೊಳಗೆ ಅದಕ್ಕಾಗಿ ಜಗಳವಾಡುವವರು ಯಾರೂ ಇರುವುದಿಲ್ಲ. ಅದನ್ನು ನೆನೆದು ಚಿಂತಿಸುವವರು ಶಾಲೆಯ ಹೊರಗೆ, ಊರಿನ ಮನೆಮನೆಯಲ್ಲಿ ಇರುತ್ತಾರೆ. ಅವರು ಆ ಕುರ್ಚಿಯಲ್ಲಿ ಎಂದೂ ಕೂರತಕ್ಕವರಲ್ಲ. ಅದರ ಎದುರಿಗೆ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ನಿಂತು ಮಾತನಾಡಿ ಬಂದವರು.

ತೆಂಗಿನ ತೋಟಗಳ ನಡುವೆ ಅಂಥ ಒಂದು ಹೋಬಳಿಯ ಊರುಂಟು. ಹೆಸರು ಇಲ್ಲಿ ಅನಾವಶ್ಯಕ. ಅದನ್ನು ಹೋಲುವ ಊರುಗಳು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇವೆ. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಏಳರವರೆಗೆ ತರಗತಿಗಳು, ಮುಖ್ಯೋಪಾಧ್ಯಾಯರನ್ನೂ ಸೇರಿಸಿ ಎಂಟು ಹುದ್ದೆಗಳು. 2025ನೆಯ ಇಸವಿಯ ಮೇ 29ರಂದು, ಗುರುವಾರ, ರಾಜ್ಯದ ಇತರ ಶಾಲೆಗಳೊಡನೆ ಅದೂ ತೆರೆಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಮಕ್ಕಳಿಗೆ ಪಾಯಸ ಮಾಡಿಸಿದರು. ಎರಡು ದಿನ ಕಳೆದು ಶನಿವಾರ, 31ರಂದು, ಅದೇ ತೋರಣದ ಕೆಳಗೆ ಹೆಡ್‌ಮೇಷ್ಟರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಬೀಳ್ಕೊಟ್ಟರು. ಅವರಿಗೆ 60 ವರ್ಷ ತುಂಬಿತ್ತು. ಸೋಮವಾರ ಮಕ್ಕಳು ಬಂದಾಗ ತೋರಣ ಬಾಡಿತ್ತು. ಕೋಣೆಯಲ್ಲಿ ಕುರ್ಚಿ ಇತ್ತು, ಕೂರುವವರು ಇರಲಿಲ್ಲ.

ಈ ಮೇ 31ನೆಯ ತಾರೀಖಿಗೆ ಒಂದು ಕಥೆಯುಂಟು. ಹಿಂದಿನ ಕಾಲದಲ್ಲಿ ಹಳ್ಳಿಯ ಹುಡುಗನನ್ನು ಶಾಲೆಗೆ ಸೇರಿಸಲು ಕರೆತಂದ ತಂದೆಗೆ ಮಗ ಹುಟ್ಟಿದ ತಾರೀಖು ತಿಳಿದಿರುತ್ತಿರಲಿಲ್ಲ. ಮಳೆ ಹೆಚ್ಚಾದ ವರ್ಷವೆಂದೋ, ಊರಹಬ್ಬದ ಮಾರನೆಯ ದಿನವೆಂದೋ ಹೇಳುತ್ತಿದ್ದ. ಮೇಷ್ಟರು ಹುಡುಗನ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಸೇರುವ ವಯಸ್ಸಿಗೆ ಸರಿಹೊಂದುವಂತೆ ಒಂದು ವರ್ಷವನ್ನು ಗೊತ್ತುಮಾಡಿ, ಅದಕ್ಕೆ ಜೂನ್ 1 ಎಂದು ತಾರೀಖು ಹಾಕಿ ದಾಖಲೆಯಲ್ಲಿ ಬರೆದುಬಿಡುತ್ತಿದ್ದರು. ಹೀಗೆ ಕನ್ನಡ ನಾಡಿನಲ್ಲಿ ಎಷ್ಟೋ ಮಂದಿ ಜೂನ್ ಒಂದರಂದು ಹುಟ್ಟಿದವರಾದರು. ಅವರಲ್ಲಿ ಕೆಲವರು ಓದಿ ತಾವೇ ಮೇಷ್ಟರಾದರು. ತಿಂಗಳ ಮೊದಲನೆಯ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರದ ನಿಯಮ. ಕರ್ನಾಟಕದಲ್ಲಿ 2008ರಿಂದ ನಿವೃತ್ತಿಯ ವಯಸ್ಸು 60. ಆದುದರಿಂದ ಪ್ರತಿ ವರ್ಷವೂ ಮೇ ಕೊನೆಯ ದಿನ ಹಲವು ಶಾಲೆಗಳಲ್ಲಿ ಶಾಲು ಹಾರಗಳ ಸಮಾರಂಭ. ಹುಡುಗನ ಅನುಕೂಲಕ್ಕಾಗಿ ಒಬ್ಬ ಮೇಷ್ಟರು ಬರೆದ ತಾರೀಖು, ಐವತ್ತು ವರ್ಷಗಳ ತರುವಾಯ, ಶಾಲೆ ತೆರೆಯುವ ವಾರದಲ್ಲಿಯೇ ಇನ್ನೊಂದು ಶಾಲೆಯ ಕುರ್ಚಿಯನ್ನು ಬರಿದುಮಾಡುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮರಣದಿಂದ ಬಿದ್ದ ತೆರಪು ಅನಿರೀಕ್ಷಿತ; ರೋಗದಿಂದ ಬಿದ್ದುದೂ ಹಾಗೆಯೇ. ನಿವೃತ್ತಿಯಿಂದ ಬೀಳುವ ತೆರಪು ಯಾರಿಗೂ ಅನಿರೀಕ್ಷಿತವಾದುದಲ್ಲ. ಉಪಾಧ್ಯಾಯರು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದ ಮೊದಲನೆಯ ಪುಟದಲ್ಲಿ ಅವರು ಹೊರಡುವ ದಿನವೂ ಅಡಗಿರುತ್ತದೆ. ಮೂವತ್ತು ವರ್ಷಗಳಿಂದ ತಿಳಿದಿದ್ದ ದಿನ ಬಂದಾಗಲೂ ಬದಲಿ ಏರ್ಪಾಡಿರುವುದಿಲ್ಲವೆಂಬುದು ತಂದೆತಾಯಿಗಳ ಚಿಂತೆಯ ಮೊದಲನೆಯ ಎಳೆ.

ಹುದ್ದೆ ಬಹುಮಟ್ಟಿಗೆ ಬಡ್ತಿಯಿಂದ ತುಂಬತಕ್ಕದ್ದು. ಬಡ್ತಿ ಸೇವೆಯ ಹಿರಿತನದಿಂದ ಬರುವುದು. ಹಿರಿತನದ ಪಟ್ಟಿ ತಯಾರಾಗಬೇಕು, ಅದರ ಮೇಲೆ ಆಕ್ಷೇಪಣೆಗಳು ಬರಬೇಕು, ಅವು ತೀರ್ಮಾನವಾಗಬೇಕು. ಕೆಲವು ನ್ಯಾಯಾಲಯಕ್ಕೂ ಹೋಗುತ್ತವೆ. ಎಲ್ಲವೂ ಮುಗಿದು ಬಡ್ತಿ ಹೊಂದಿ ಬರುವವರು ಹಲವು ವೇಳೆ ನಿವೃತ್ತಿಗೆ ಎರಡು ಮೂರು ವರ್ಷ ಉಳಿದವರು. ಊರಿನ ಮಕ್ಕಳ ಹೆಸರು ಕಲಿಯುವ ಹೊತ್ತಿಗೆ ಅವರಿಗೂ ಶಾಲು ಸಿದ್ಧವಾಗಿರುತ್ತದೆ. ಈ ನಡುವಣ ಕಾಲವನ್ನು ದಾಟಿಸಲು ಇಲಾಖೆಯವರು ಕಂಡುಕೊಂಡಿರುವ ಉಪಾಯದ ಹೆಸರು ‘ಪ್ರಭಾರ’.

ಈ ಊರಿನ ಶಾಲೆಯಲ್ಲಿ ಪ್ರಭಾರ ಬಂದುದು ಎಲ್ಲರಿಗಿಂತ ಹಿರಿಯರಾದ ಉಪಾಧ್ಯಾಯಿನಿಯವರಿಗೆ. ಅವರು ಐದನೆಯ ತರಗತಿಗೆ ಗಣಿತ ಹೇಳುತ್ತಿದ್ದವರು. ಲೆಕ್ಕ ಹೇಳುವುದರಲ್ಲಿ ಅವರಿಗೆ ಊರಿನಲ್ಲಿ ಹೆಸರಿತ್ತು. ಐದಂಕಿಯ ಸಂಖ್ಯೆಗಳ ವ್ಯವಕಲನವನ್ನು ಅವರು ಮನೆಗಳ ಕಥೆಯಾಗಿ ಹೇಳುವರು. ಬಿಡಿಯ ಮನೆಯಲ್ಲಿ ಸಾಲದಿದ್ದರೆ ಹತ್ತರ ಮನೆಗೆ ಹೋಗಬೇಕು. ಅಲ್ಲಿಯೂ ಸೊನ್ನೆಯಿದ್ದರೆ ನೂರರ ಮನೆಗೆ. ಅಲ್ಲಿಯೂ ಇಲ್ಲದಿದ್ದರೆ ಇನ್ನೂ ಆಚೆಗೆ. ತಂದ ಸಾಲ ದಾರಿಯಲ್ಲಿರುವ ಪ್ರತಿಯೊಂದು ಮನೆಗೂ ಲೆಕ್ಕ ಒಪ್ಪಿಸಿ ಬರಬೇಕು. ಜೂನ್ ತಿಂಗಳ ಒಂದು ದಿನ ಅವರು ಕರಿಹಲಗೆಯ ಮೇಲೆ 50,000ದಿಂದ 27,486ನ್ನು ಕಳೆಯುವ ಲೆಕ್ಕ ಬರೆದು, ಬಿಡಿಯ ಮನೆಯವರು ಸಾಲಕ್ಕೆ ಹೊರಟ ಕಥೆಯನ್ನು ಪ್ರಾರಂಭಿಸಿದ್ದರು. ಅಷ್ಟರಲ್ಲಿ ತಾಲ್ಲೂಕಿನಿಂದ ಫೋನು ಬಂದಿತು. ಯಾವುದೋ ಅಂಕಿಅಂಶ ಅಂದು ಮಧ್ಯಾಹ್ನದೊಳಗಾಗಿ ಬೇಕಾಗಿತ್ತು. ಲೆಕ್ಕ ಹಲಗೆಯ ಮೇಲೆ ನಿಂತಿತು. ಮಕ್ಕಳು ಅದನ್ನು ನಿಂತಲ್ಲಿಯವರೆಗೆ ಪುಸ್ತಕದಲ್ಲಿ ಬರೆದುಕೊಂಡರು.

ಹೊರಗಿನವರಿಗೆ ಹೆಡ್‌ಮೇಷ್ಟರ ಕೆಲಸ ಗಂಟೆ ಹೊಡೆಯಿಸಿ ಬೆತ್ತ ಹಿಡಿದು ತಿರುಗುವುದೆಂದು ತೋರಬಹುದು. ಬೆತ್ತದ ಕಾಲ ಹೋಯಿತು; ಕೆಲಸ ಹೋಗಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೆ ಹಾಲು. ಕ್ಷೀರಭಾಗ್ಯ ಯೋಜನೆ 2013ರಲ್ಲಿ ಬಂದಂದಿನಿಂದ ಹಾಲಿನ ಪುಡಿಯ ದಾಸ್ತಾನು ಒಂದು ಲೆಕ್ಕ. ಮಧ್ಯಾಹ್ನ ಬಿಸಿಯೂಟ, ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಪ್ರಾರಂಭವಾಗಿ ಬಳಿಕ ನಾಡಿಗೆಲ್ಲ ಹಬ್ಬಿದಂದಿನಿಂದ ಅಕ್ಕಿ ಬೇಳೆ ಎಣ್ಣೆಗಳದು ಇನ್ನೊಂದು ಲೆಕ್ಕ, ಬಡಿಸುವ ಮೊದಲು ಅಡಿಗೆಯ ರುಚಿ ನೋಡುವುದೂ ಶಾಲೆಯವರ ಕರ್ತವ್ಯ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಕೇಳುವವರೆಷ್ಟು ಎಂಬುದು ಮತ್ತೊಂದು. ಹಾಜರಿಯನ್ನು ಪುಸ್ತಕದಲ್ಲಿ ಬರೆದರೆ ಸಾಲದು, ಕಂಪ್ಯೂಟರಿಗೂ ಏರಿಸಬೇಕು. ಸಮವಸ್ತ್ರ, ಪಠ್ಯಪುಸ್ತಕ, ವಿದ್ಯಾರ್ಥಿವೇತನ, ಕಟ್ಟಡದ ದುರಸ್ತಿ, ತಾಲ್ಲೂಕಿನ ಸಭೆ. ಇವೆಲ್ಲವನ್ನೂ ಮಾಡಲು ಒಬ್ಬರು ಬೇಕೆಂದೇ ಆ ಹುದ್ದೆ ಉಂಟಾದುದು. ಪ್ರಭಾರದವರು ಇವನ್ನು ಮಾಡಬೇಕಾದುದು ತಮ್ಮ ತರಗತಿಯ ಜತೆಗೆ. ಆದರೆ ದಿನಕ್ಕಿರುವುದು ಅಷ್ಟೇ ಗಂಟೆಗಳು. ಕಾಗದಕ್ಕೆ ಗಡುವುಂಟು, ಪಾಠಕ್ಕೆ ಗಡುವಿಲ್ಲ. ಆದುದರಿಂದ ಸೋಲುವುದು ಪಾಠ. ಕುರ್ಚಿ ಒಂದೇ ಬರಿದಾದರೂ ಮಕ್ಕಳು ಕಳೆದುಕೊಳ್ಳುವುದು ಇಬ್ಬರನ್ನು: ಹೋದ ಹೆಡ್‌ಮೇಷ್ಟರನ್ನು, ಇದ್ದೂ ಇಲ್ಲದಂತಾದ ಉಪಾಧ್ಯಾಯರನ್ನು.

ಆ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ. ಅವಳ ತಂದೆ ಊರಿನ ಹಾಲಿನ ಡೈರಿಯಲ್ಲಿ ಕೆಲಸದಲ್ಲಿರುವವನು. ಪ್ರಾತಃಕಾಲ ಜನರು ತಂದ ಹಾಲನ್ನು ಅಳೆದು, ಪರೀಕ್ಷಿಸಿ, ಚೀಟಿ ಬರೆದು ಕೊಡುತ್ತಾನೆ. ತಾಯಿ ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅವಳೂ ಓದಿದುದು ಅದೇ ಶಾಲೆಯಲ್ಲಿ. ಪ್ರತಿ ರಾತ್ರಿ ಮಗಳ ಪುಸ್ತಕಗಳನ್ನು ತೆರೆದು ನೋಡುವುದು ಅವಳ ಪದ್ಧತಿ. ಜುಲೈ ತಿಂಗಳ ಎರಡನೆಯ ವಾರದಲ್ಲಿ ಗಣಿತದ ಪುಸ್ತಕವನ್ನು ತೆರೆದಾಗ, ಐವತ್ತು ಸಾವಿರದ ಕೆಳಗೆ ಇಪ್ಪತ್ತೇಳು ಸಾವಿರದ ಚಿಲ್ಲರೆ ಬರೆದು, ಅಡ್ಡಗೆರೆ ಎಳೆದು, ಗೆರೆಯ ಕೆಳಗೆ ಏನೂ ಇಲ್ಲದ ಲೆಕ್ಕವನ್ನು ಅವಳು ಮೂರನೆಯ ಬಾರಿ ಕಂಡಳು.

“ಯಾಕೆ ಮಗಳೇ, ಇದು ಇನ್ನೂ ಮುಗಿದಿಲ್ಲವೆ?”

“ಮೇಡಂ ಬರ್ತೀನಿ ಅಂದಿದ್ದಾರಮ್ಮ,” ಎಂದಳು ಹುಡುಗಿ. ಅವಳ ಮಾತಿನಲ್ಲಿ ದೂರಿರಲಿಲ್ಲ. ನಾಲ್ಕು ವಾರಗಳಿಂದಲೂ ಅವಳು ಅದನ್ನು ನಂಬಿಕೊಂಡೇ ಇದ್ದಳು.

ತಾಯಿಗೆ ಕಳವಳವಾದುದು ಲೆಕ್ಕ ನಿಂತುದಕ್ಕಿಂತ ಹೆಚ್ಚಾಗಿ ಈ ನಂಬಿಕೆಯಿಂದ. ಲೆಕ್ಕವನ್ನು ಅವಳೇ ಮಾಡಿಸಬಲ್ಲಳು. ಕಾಯುವುದು ಮಗುವಿಗೆ ಅಭ್ಯಾಸವಾಗಿ ಹೋದರೆ ಅದನ್ನು ಬಿಡಿಸುವವರು ಯಾರು?

ಆ ಮಳೆಗಾಲದಲ್ಲಿ ಊರಿನವರ ದೂರುಗಳು ಒಂದೊಂದಾಗಿ ಕೂಡುತ್ತ ಬಂದವು. ಯಾವುದೂ ದೊಡ್ಡದಲ್ಲ. ಹುಡುಗಿಯರ ಶೌಚಾಲಯದ ಬಾಗಿಲಿನ ಚಿಲಕ ಕಿತ್ತುಹೋಗಿತ್ತು. ದೊಡ್ಡ ತರಗತಿಯ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಸಂಜೆಯವರೆಗೆ ಇರುತ್ತಿದ್ದರು. ಚಿಲಕದ ಬೆಲೆ ನೂರು ರೂಪಾಯಿಯೂ ಇರಲಾರದು. ಆದರೆ ಶಾಲೆಯ ಬ್ಯಾಂಕ್ ಖಾತೆ ಸಮಿತಿಯ ಅಧ್ಯಕ್ಷರೂ ಮುಖ್ಯೋಪಾಧ್ಯಾಯರೂ ಜಂಟಿಯಾಗಿ ನಡೆಯಿಸತಕ್ಕದ್ದು. ಬ್ಯಾಂಕಿನಲ್ಲಿ ಇನ್ನೂ ಇದ್ದುದು ನಿವೃತ್ತರ ರುಜು. ಅದನ್ನು ಬದಲಾಯಿಸಲು ಮೇಲಿನ ಕಚೇರಿಯ ಪತ್ರ ಬೇಕು, ಪತ್ರಕ್ಕೆ ಠರಾವು ಬೇಕು, ಠರಾವಿಗೆ ಸಭೆ ಬೇಕು. ದುಡ್ಡು ಖಾತೆಯಲ್ಲಿ ಇತ್ತು, ಚಿಲಕ ಪೇಟೆಯಲ್ಲಿ ಇತ್ತು. ನಡುವೆ ಒಂದು ರುಜು ಇರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಆರನೆಯ ತರಗತಿಯ ಹುಡುಗನೊಬ್ಬ ಜೂನ್ ಕೊನೆಯಿಂದ ಶಾಲೆಗೆ ಬರುವುದನ್ನು ನಿಲ್ಲಿಸಿದ್ದ. ತಂದೆಯ ಜತೆಯಲ್ಲಿ ತೆಂಗಿನಕಾಯಿ ಸುಲಿಯುವ ಕಡೆ ಅವನನ್ನು ಕಂಡವರಿದ್ದರು. ಹಿಂದಿನ ಹೆಡ್‌ಮೇಷ್ಟರಾಗಿದ್ದರೆ, ಮೂರು ದಿನ ಬಾರದ ಮಗುವಿನ ಮನೆಗೆ ನಾಲ್ಕನೆಯ ಸಂಜೆ ತಾವೇ ನಡೆದು ಹೋಗುತ್ತಿದ್ದರು. ಜಗಲಿಯ ಮೇಲೆ ಕುಳಿತು, ಮೊದಲು ಮಳೆ ಬೆಳೆಯ ಮಾತಾಡಿ, ಕಾಫಿ ಕುಡಿದು, ಏಳುವಾಗ ಮಾತ್ರ, “ನಾಳೆ ಹುಡುಗನನ್ನು ಕಳಿಸಪ್ಪ” ಎನ್ನುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಈಗ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಪ್ರತಿದಿನವೂ ತಪ್ಪದೆ ಬೀಳುತ್ತಿತ್ತು. ಕಂಪ್ಯೂಟರಿಗೂ ಏರುತ್ತಿತ್ತು. ಯಾರೂ ಅವನ ಮನೆಗೆ ಹೋಗಿರಲಿಲ್ಲ.

ಈ ದೂರುಗಳನ್ನು ಹೊತ್ತು ಹೋದವರಿಗೆ ಪ್ರಭಾರದ ಉಪಾಧ್ಯಾಯಿನಿಯವರು ಒರಟಾಗಿ ಉತ್ತರ ಕೊಟ್ಟವರಲ್ಲ. “ಹೊಸಬರು ಬರಲಿ, ಅವರಿಗೆ ಹೇಳೋಣ” ಎನ್ನುವರು. ಅವರ ಕೈಗೆ ಬಂದುದು ಹೊರೆ; ಅಧಿಕಾರ ಪೂರ್ತಿಯಾಗಿ ಬಂದಿರಲಿಲ್ಲ. ನಾಳೆ ಬರುವವರು ಏನೆನ್ನುವರೋ ಎಂಬ ಅಂಜಿಕೆಯಲ್ಲಿ ಯಾವುದನ್ನೂ ಗಟ್ಟಿಯಾಗಿ ತೀರ್ಮಾನಿಸುವಂತಿರಲಿಲ್ಲ. ನಿನ್ನೆಯವರೆಗೆ ಸರಿಸಮಾನರಾಗಿದ್ದ ಸಹೋದ್ಯೋಗಿಗಳಿಗೆ ಇಂದು ಅಪ್ಪಣೆ ಕೊಡುವಂತೆಯೂ ಇರಲಿಲ್ಲ. ಪ್ರಭಾರವೆಂಬುದೂ ಅವರೇ ಹೇಳುತ್ತಿದ್ದ ಮನೆಗಳ ಲೆಕ್ಕದಂತೆ. ಒಂದು ಮನೆಯಲ್ಲಿ ಸೊನ್ನೆಯಾಯಿತೆಂದು ಪಕ್ಕದ ಮನೆಯಿಂದ ತಂದರು. ಪಕ್ಕದ ಮನೆಯಲ್ಲಿ ಕಡಿಮೆಯಾದುದನ್ನು ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಊರಿನವರ ಸಿಟ್ಟೆಲ್ಲ ಎದುರಿಗೆ ಕಂಡ ಅವರ ಮೇಲೆಯೇ ತಿರುಗಿದುದು ಈ ಪ್ರಸಂಗದ ಅನ್ಯಾಯಗಳಲ್ಲೊಂದು. ಕುರ್ಚಿಯನ್ನು ಬರಿದಾಗಿಟ್ಟವರು ದೂರದಲ್ಲಿದ್ದರು. ಅದರ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದವರು ಹತ್ತಿರದಲ್ಲಿದ್ದರು.

ಮನೆಯಲ್ಲಿ ಹುಡುಗಿಯ ಅಜ್ಜನಿಗೆ ಈ ಗೊಂದಲವೇ ಅರ್ಥವಾಗಲಿಲ್ಲ. “ನಮ್ಮ ಕಾಲದಲ್ಲಿ ಒಬ್ಬರೇ ಮೇಷ್ಟರು. ನಾಲ್ಕು ಕ್ಲಾಸು, ಒಂದೇ ಕೋಣೆ. ಹೆಡ್ಡೂ ಅವರೇ, ಅಸಿಸ್ಟೆಂಟೂ ಅವರೇ. ನಾವು ಓದಲಿಲ್ಲವೆ?” ಎಂದರು.

“ಓದಿದಿರಿ ಮಾವ,” ಎಂದಳು ಸೊಸೆ. “ನಿಮ್ಮ ಜತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ನಾಲ್ಕನೆಯದನ್ನು ಮುಗಿಸಿದವರು ಎಷ್ಟು ಮಂದಿ?”

ಅಜ್ಜ ಬೆರಳು ಮಡಿಸಿ ಎಣಿಸಿದರು. ಒಂದು ಕೈಯ ಬೆರಳುಗಳೇ ಸಾಕಾದವು. ಬಳಿಕ ಅವರು ಆ ಮಾತನ್ನು ಎತ್ತಲಿಲ್ಲ.

ಅಜ್ಜನ ಮಾತಿನ ಹಿಂದೆ ಒಂದು ಹಳೆಯ ನೆನಪು ಇದ್ದುದು ಸುಳ್ಳಲ್ಲ. ಮೈಸೂರು ಸೀಮೆಯಲ್ಲಿ ಸರ್ಕಾರದ ಶಾಲೆಗಳಿಗೆ ಮುಂಚೆ ಇದ್ದುವು ಕೂಲಿಮಠಗಳು. ಅಲ್ಲಿ ಅಯ್ಯಗಳೇ ಶಾಲೆ. ಅವರ ಜಗಲಿಯೇ ಕಟ್ಟಡ, ಮರಳೇ ಹಲಗೆ, ಧಾನ್ಯವೋ ದುಡ್ಡೋ ಮನೆಯವರು ಕೊಟ್ಟುದೇ ಸಂಬಳ. ಅಯ್ಯಗಳು ಕಾಯಿಲೆ ಬಿದ್ದರೆ ಮಠಕ್ಕೆ ರಜಾ. ಅವರು ತೀರಿಕೊಂಡರೆ ಮಠವೂ ತೀರಿತು. 1868ರಲ್ಲಿ ಬಿ. ಎಲ್. ರೈಸರ ಯೋಜನೆಯಂತೆ ಹೋಬಳಿಗೊಂದು ಶಾಲೆ ಎಂಬ ಏರ್ಪಾಡು ಬಂದಾಗ ಬದಲಾದುದು ಈ ಸ್ಥಿತಿಯೇ. ಮೇಷ್ಟರು ಹೋದರೂ ಶಾಲೆ ನಿಲ್ಲಬೇಕು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಬೇಕು ಎಂಬುದು ಆ ಏರ್ಪಾಡಿನೊಳಗಿನ ಮಾತು. 1913ರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಈ ಮಾತಿಗೆ ಇನ್ನಷ್ಟು ಬಲ ಬಂದಿತು. ಮಗುವನ್ನು ಕಳುಹಿಸಲೇಬೇಕೆಂದು ಹೇಳಿದ ಮೇಲೆ, ಬಂದ ಮಗುವನ್ನು ಒಪ್ಪಿಸಿಕೊಳ್ಳುವವರೊಬ್ಬರು ಇರಲೇಬೇಕಷ್ಟೆ. ವ್ಯಕ್ತಿಯನ್ನು ಮೀರಿ ಬಾಳುವುದಕ್ಕಾಗಿಯೇ ಸಂಸ್ಥೆ ಹುಟ್ಟುವುದು. ಆದರೆ ಕುರ್ಚಿ ತಿಂಗಳುಗಟ್ಟಲೆ ಬರಿದಾಗಿರುವ ಶಾಲೆ ಮತ್ತೆ ಕೂಲಿಮಠದ ಕಡೆಗೆ ಹೊರಳುತ್ತದೆ. ಎಲ್ಲವೂ ಒಬ್ಬರ ಶಕ್ತಿಯನ್ನೂ ಒಳ್ಳೆಯತನವನ್ನೂ ಅವಲಂಬಿಸಿ ನಿಲ್ಲುತ್ತದೆ.

ಈಗಿನ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಶಾಲೆಯೊಂದರಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗಳು ಮಂಜೂರಾದ ಹುದ್ದೆಗಳ ನೂರಕ್ಕೆ ಹತ್ತನ್ನು ಮೀರಕೂಡದೆಂದು ಅದರ 26ನೆಯ ಪ್ರಕರಣ ಹೇಳುತ್ತದೆ. ಎಂಟು ಹುದ್ದೆಗಳ ಶಾಲೆಯಲ್ಲಿ ಒಂದು ಖಾಲಿಯಾದರೆ ನೂರಕ್ಕೆ ಹನ್ನೆರಡೂವರೆಯಾಯಿತು. ಹತ್ತಕ್ಕಿಂತ ಕಡಿಮೆ ಹುದ್ದೆಗಳುಳ್ಳ ಯಾವ ಶಾಲೆಯಲ್ಲಿಯೂ ಒಂದೇ ಒಂದು ತೆರಪು ಮಿತಿಯನ್ನು ಮೀರಿದುದೇ. ಹಳ್ಳಿಯ ಶಾಲೆಗಳಲ್ಲಿ ಹೆಚ್ಚಿನವು ಇಂಥವೇ ಆದುದರಿಂದ, ಚಿಕ್ಕ ಶಾಲೆಗೆ ಒಂದು ತೆರಪೂ ಸಲ್ಲದೆಂಬುದೇ ಆ ಪ್ರಕರಣದ ಅರ್ಥ.

ಅದೇ ಕಾಯಿದೆಯ ಅನುಬಂಧದಲ್ಲಿ ಇನ್ನೊಂದು ಲೆಕ್ಕವುಂಟು. ಒಂದರಿಂದ ಐದನೆಯ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಉಪಾಧ್ಯಾಯರು ಮತ್ತು ಒಬ್ಬ ಮುಖ್ಯೋಪಾಧ್ಯಾಯರು. ಮೇಲಿನ ತರಗತಿಗಳಲ್ಲಿಯಾದರೆ 100ಕ್ಕಿಂತ ಹೆಚ್ಚು ಮಕ್ಕಳಿರಬೇಕು. ಈ ಊರಿನಲ್ಲಿ ಮೇಲಿನ ತರಗತಿಗಳಲ್ಲಿ ಅಷ್ಟು ಮಕ್ಕಳಿಲ್ಲ. ಕೆಳಗಿನ ಐದು ತರಗತಿಗಳಲ್ಲಿ ಜೂನ್ ತಿಂಗಳಿನಲ್ಲಿ 156 ಮಕ್ಕಳಿದ್ದರು.

ಇಲ್ಲಿಂದ ಮುಂದಿನದು ಕೇವಲ ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಯೊಂದರ ಹಳದಿ ವ್ಯಾನು ಬೆಳಿಗ್ಗೆ ಏಳೂವರೆಗೆ ಊರಿನ ವೃತ್ತಕ್ಕೆ ಬರುತ್ತಿತ್ತು. ಹೆಡ್‌ಮೇಷ್ಟರಿಲ್ಲದ ಶಾಲೆಗೆ ಮಗುವನ್ನು ಕಳುಹಿಸುವುದು ಹೇಗೆಂದು ಜುಲೈ ಮುಗಿಯುವುದರೊಳಗೆ ಐದು ಮನೆಗಳವರು ವರ್ಗಾವಣೆ ಪತ್ರ, ಜನರ ಮಾತಿನಲ್ಲಿ ಟೀಸಿ, ತೆಗೆದುಕೊಂಡು ಹೋದರು. 156 ಹೋಗಿ 151 ಆಯಿತು. ಮಂಜೂರಾದ ಹುದ್ದೆಯನ್ನು ಮಾರನೆಯ ದಿನವೇ ಯಾರೂ ಕಿತ್ತುಕೊಂಡು ಹೋಗುವುದಿಲ್ಲ, ನಿಜ. ಆದರೆ ಮಕ್ಕಳ ಸಂಖ್ಯೆ ನೋಡಿ ಉಪಾಧ್ಯಾಯರನ್ನು ಮರುಹಂಚಿಕೆ ಮಾಡುವ ಪದ್ಧತಿ ಇಲಾಖೆಯಲ್ಲಿ ಉಂಟು. ಇಂದು ‘ನಮಗೆ ಹೆಡ್‌ಮೇಷ್ಟರು ಬೇಕು’ ಎಂದು ಕೇಳುವ ಹಕ್ಕು ನಿಂತಿರುವುದು ಆ 150ರ ಗೆರೆಯ ಮೇಲೆ. ಕುರ್ಚಿ ಬರಿದಾಗಿದೆಯೆಂದು ಮಕ್ಕಳನ್ನು ಬಿಡಿಸಿದವರು, ಕುರ್ಚಿಯನ್ನು ತುಂಬಿರೆಂದು ಕೇಳುವವರ ಮಾತಿನ ಬಲವನ್ನೂ ತಮ್ಮೊಡನೆ ವ್ಯಾನಿನಲ್ಲಿ ತೆಗೆದುಕೊಂಡು ಹೋದರು. ಅವರನ್ನು ದೂರುವಂತಿಲ್ಲ, ತನ್ನ ಮಗು ಮೊದಲು, ಊರಿನ ಶಾಲೆ ಆಮೇಲೆ ಎಂಬುದು ತಂದೆತಾಯಿಗಳ ಸಹಜ ಧರ್ಮ. ಆದರೆ ಹಾಗೆ ಹೋಗಲು ವ್ಯಾನಿನ ಬಾಡಿಗೆಯೂ ಶಾಲೆಯ ಫೀಜೂ ಇಲ್ಲದವರ ಮಕ್ಕಳು ಉಳಿದೇ ಉಳಿಯುತ್ತಾರೆ. ಕೊನೆಗೆ ಶಾಲೆ ಅವರದಾಗಿ ಉಳಿಯುತ್ತದೆ, ಕುರ್ಚಿಯಿಲ್ಲದೆ.

ಆಗಸ್ಟ್ ಮೊದಲನೆಯ ವಾರದಲ್ಲಿ ಡೈರಿಯ ಯಜಮಾನನೂ ಮನೆಗೆ ಒಂದು ಅರ್ಜಿ ಬರೆದು ತಂದ. “ನೀನೇ ಹೋಗಿ ಕೊಟ್ಟು ಬಾ. ನನಗೆ ಮೇಡಂ ಮುಖ ನೋಡಿ ಕೇಳೋಕೆ ಆಗೋದಿಲ್ಲ,” ಎಂದ. ಹೆಂಡತಿ ಅರ್ಜಿಯನ್ನು ಮಡಿಸಿ ಮಗಳ ಗಣಿತದ ಪುಸ್ತಕದಲ್ಲಿಟ್ಟುಕೊಂಡು ಶಾಲೆಗೆ ಹೋದಳು.

ಉಪಾಧ್ಯಾಯಿನಿಯವರು ಹೆಡ್‌ಮೇಷ್ಟರ ಕೋಣೆಯಲ್ಲಿದ್ದರು. ಆದರೆ ಕುಳಿತಿದ್ದುದು ಆ ಕುರ್ಚಿಯಲ್ಲಲ್ಲ, ಮೇಜಿನ ಪಕ್ಕಕ್ಕೆ ಎಳೆದುಕೊಂಡ ಸ್ಟೂಲಿನ ಮೇಲೆ. ಅಕ್ಕಿಯ ದಾಸ್ತಾನು ಬರೆಯುತ್ತಿದ್ದರು. ತಾಯಿಯ ಕೈಯಲ್ಲಿದ್ದ ಪುಸ್ತಕ ನೋಡಿ ಅವರಿಗೆ ಬಂದ ಕಾರಣ ತಿಳಿಯಿತು.

“ಟೀಸಿಗೆ ಬಂದಿರಾ ಅಮ್ಮಾ? ಕೊಡಿ, ಬರೆದುಕೊಡ್ತೀನಿ. ಕೇಳಿದ ತಕ್ಷಣ ಕೊಡಬೇಕು ಅಂತ ಕಾನೂನೇ ಇದೆ.” ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಐದು ಬರೆದವರಿಗೆ ಆರನೆಯದು ಕಷ್ಟವಲ್ಲ. ತಾಯಿ ಪುಸ್ತಕವನ್ನು ತೆರೆದಳು. ಅರ್ಜಿಗಿಂತ ಮೊದಲು ಆ ಲೆಕ್ಕ ಕಣ್ಣಿಗೆ ಬಿದ್ದಿತು. ಉಪಾಧ್ಯಾಯಿನಿಯವರೂ ಅದನ್ನು ಕಂಡರು. ತಾವೇ ಎಳೆಯಿಸಿದ ಅಡ್ಡಗೆರೆ. ಕೆಲವು ನಿಮಿಷ ಅವರು ಏನೂ ಹೇಳಲಿಲ್ಲ. ಬಳಿಕ, “ಇದನ್ನು ಮುಗಿಸಿಕೊಡದೆ ಕಳಿಸೋಕೆ ಮನಸ್ಸು ಬರೋದಿಲ್ಲ,” ಎಂದು ಕಣ್ಣು ಒರೆಸಿಕೊಂಡರು.

ತಾಯಿ ಅರ್ಜಿಯನ್ನು ಕೊಡಲಿಲ್ಲ. ಹರಿಯಲೂ ಇಲ್ಲ, ಪುಸ್ತಕದಲ್ಲಿಯೇ ಬಿಟ್ಟಳು. “ಸಭೆ ಯಾವಾಗ ಕರೀತೀರಿ ಮೇಡಂ?” ಎಂದು ಕೇಳಿದಳು.

ಸಭೆ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿ ಏರ್ಪಟ್ಟವು. ಕೇಂದ್ರದ ಕಾಯಿದೆಯೂ ಇಂಥ ಸಮಿತಿಯಲ್ಲಿ ನಾಲ್ಕನೆಯ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕೆಂದೂ ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದೂ ವಿಧಿಸಿದೆ. ಹಲವು ಊರುಗಳಲ್ಲಿ ಈ ಹೆಂಗಸರು ಪುಸ್ತಕಕ್ಕೆ ರುಜು ಹಾಕಿ ಮನೆಗೆ ಹೋಗುವವರು. ಆ ದಿನ ಹೋಗಲಿಲ್ಲ. ಸ್ವಾತಂತ್ರ್ಯ ದಿನದ ಮಾರನೆಯ ದಿನ, ಮಧ್ಯಾಹ್ನ, ಐದನೆಯ ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಿಸಿಕೊಂಡು ಎಲ್ಲರೂ ಕುಳಿತರು.

ಮೊದಲು ಗದ್ದಲ. ಒಬ್ಬ ತರುಣನು ಗೇಟಿಗೆ ಬೀಗ ಜಡಿದು ರಸ್ತೆಯಲ್ಲಿ ಕೂರೋಣವೆಂದ. ಪಕ್ಕದ ಊರಿನಲ್ಲಿ ಹಾಗೆ ಮಾಡಿದರೆ ಅಧಿಕಾರಿಗಳು ಓಡಿ ಬಂದರೆಂದ. ಅನೇಕರು ತಲೆದೂಗಿದರು. ಆಗ ಮೂಲೆಯಲ್ಲಿ ಕುಳಿತ ಅಜ್ಜ, ಹಿಂದೆ ಬೆರಳು ಎಣಿಸಿದವರು, “ಒಬ್ಬರು ಇಲ್ಲ ಅಂತ ಇರುವ ಏಳು ಜನಕ್ಕೆ ಬೀಗ ಹಾಕೋದು ಯಾವ ಲೆಕ್ಕವಪ್ಪ?” ಎಂದರು. ಬೀಗದ ಮಾತು ಅಲ್ಲಿಗೆ ನಿಂತಿತು.

ಬಳಿಕ ಹೊಲಿಗೆಯ ತಾಯಿ ಎದ್ದು ನಿಂತು, ಬರೆದುಕೊಂಡು ಬಂದ ಮೂರು ಮಾತುಗಳನ್ನು ಓದಿದಳು. ಒಂದು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ: 26ನೆಯ ಪ್ರಕರಣವನ್ನೂ ಹುದ್ದೆಗಳ ಸಂಖ್ಯೆಯನ್ನೂ 151 ಮಕ್ಕಳ ಲೆಕ್ಕವನ್ನೂ ಅದರಲ್ಲಿ ಕಾಣಿಸಬೇಕು, ‘ದಯವಿಟ್ಟು’ ಎಂದು ಒಮ್ಮೆ ಬರೆದರೆ ಸಾಕು. ಎರಡು, ಹೆಡ್‌ಮೇಷ್ಟರು ಬರುವವರೆಗೆ ಪ್ರಭಾರದವರ ತರಗತಿಗೆ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಬೇಕು. ಕುರ್ಚಿ ತುಂಬಲು ತಡವಾದರೂ ಪಾಠ ನಿಲ್ಲಕೂಡದು. ಮೂರು, ಬ್ಯಾಂಕಿನ ರುಜು ಬದಲಾಯಿಸುವ ಠರಾವನ್ನು ಆ ದಿನವೇ, ಆ ಕೋಣೆಯಲ್ಲಿಯೇ ಬರೆಯಬೇಕು.

ಬಡಗಿಯೊಬ್ಬ ಎದ್ದು, “ಠರಾವು ಬ್ಯಾಂಕಿಗೆ ಹೋಗಲಿ, ಚಿಲಕ ನಾಳೆ ನಾನೇ ಹಾಕ್ತೀನಿ” ಎಂದ. ಮಾರನೆಯ ದಿನ ಭಾನುವಾರ. ಅವನು ಹಾಕಿಯೇ ಹಾಕಿದ. ಬಾರದ ಹುಡುಗನ ಮನೆಗೆ ಆ ಸಂಜೆ ನಾಲ್ಕು ಮಂದಿ ಹೋದರು. ಹೆಡ್‌ಮೇಷ್ಟರಂತೆ ಮಳೆ ಬೆಳೆಯ ಮಾತಿನಿಂದ ಪ್ರಾರಂಭಿಸಲು ಅವರಿಗೆ ಬರಲಿಲ್ಲ, ನೇರವಾಗಿ ಕೇಳಿಬಿಟ್ಟರು. ಹುಡುಗನ ತಂದೆಗೆ ಸಿಟ್ಟು ಬಂದಿತು. ಹುಡುಗ ಅಂದಿನಿಂದ ವಾರಕ್ಕೆ ಮೂರು ದಿನ ಬರುತ್ತಾನೆ, ಮೂರು ದಿನ ಬರುವುದಿಲ್ಲ. ಹೆಡ್‌ಮೇಷ್ಟರ ಕೆಲಸವನ್ನು ಊರಿನವರು ಹಂಚಿಕೊಂಡು ಮಾಡಬಲ್ಲರೆ ಎಂಬ ಪ್ರಶ್ನೆಗೆ ಆ ಹುಡುಗನೇ ಉತ್ತರ: ಅರ್ಧ ಮಾಡಬಲ್ಲರು.

ಸೆಪ್ಟೆಂಬರ್ ಮೊದಲಲ್ಲಿ ಅತಿಥಿ ಶಿಕ್ಷಕಿಯೊಬ್ಬಳು ಬಂದಳು. ಆಗ ತಾನೇ ತರಬೇತಿ ಮುಗಿಸಿದ ಹುಡುಗಿ. ಬ್ಯಾಂಕಿನಲ್ಲಿ ರುಜು ಬದಲಾಯಿತು. ಅರ್ಜಿಗೆ ಸ್ವೀಕೃತಿಯ ಮೊಹರು ಬಿದ್ದಿತು; ಕುರ್ಚಿಗೆ ಯಾರೂ ಬರಲಿಲ್ಲ. ದಸರೆಯ ರಜಾ ಬಂದಿತು. ಆ ವರ್ಷ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರೇ ಮನೆಮನೆಗೆ ಹೋಗಬೇಕಾಗಿದ್ದುದರಿಂದ ರಜಾ ಅಕ್ಟೋಬರ್ 18ರವರೆಗೆ ಬೆಳೆಯಿತು. ದೀಪಾವಳಿ ಕಳೆದು ಶಾಲೆ ಮತ್ತೆ ತೆರೆದಾಗ ಹೆಡ್‌ಮೇಷ್ಟರ ಕೋಣೆಯ ಗೋಡೆಯ ಮೇಲೆ ಹೊಸದೊಂದು ಕಾಗದವಿತ್ತು. ಶಾಲೆಯ ಪ್ರತಿಯೊಬ್ಬ ಉಪಾಧ್ಯಾಯರೂ ನಿವೃತ್ತರಾಗುವ ತಾರೀಖನ್ನು ಸಮಿತಿಯವರು ಅದರಲ್ಲಿ ಬರೆಯಿಸಿದ್ದರು. ಪ್ರತಿಯೊಂದು ತಾರೀಖಿಗೂ ಆರು ತಿಂಗಳು ಮುಂಚೆ ಅರ್ಜಿ ಹೋಗಬೇಕೆಂದು ಕೆಳಗೆ ಟಿಪ್ಪಣಿ. ಪ್ರಭಾರದ ಉಪಾಧ್ಯಾಯಿನಿಯವರ ಹೆಸರಿನ ಮುಂದೆ 2028ರ ಮೇ 31 ಎಂದಿತ್ತು. ಅವರೂ ಜೂನ್ ಒಂದರಂದು ಹುಟ್ಟಿದವರೇ. ಅದನ್ನು ಓದಿ ಅವರು ನಕ್ಕರಂತೆ.

ಹುಡುಗಿಯ ಗಣಿತದ ಪುಸ್ತಕದಲ್ಲಿ ಅರ್ಜಿ ಇನ್ನೂ ಮಡಿಸಿದಂತೆಯೇ ಇದೆ. ಓದುತ್ತಿರುವ ಪುಟದ ಗುರುತಿಗೆ ಅವಳು ಅದನ್ನೇ ಇಡುತ್ತಾಳೆ. ಹಿಂದಿನ ಪುಟದ ಅಡ್ಡಗೆರೆಯ ಕೆಳಗೆ ಈಗ ಉತ್ತರವಿದೆ. ಬಿಡಿಯ ಮನೆಯ ಕೆಲಸವನ್ನು ಪ್ರಭಾರದ ಮೇಡಂ ಒಂದು ಸಂಜೆ ಗಂಟೆ ಹೊಡೆದ ಮೇಲೆ ನಿಂತು ಹೇಳಿಕೊಟ್ಟರು. ಉಳಿದುದನ್ನು ಹೊಸ ಶಿಕ್ಷಕಿ ಮುಗಿಸಿದಳು. 22,514 ಎಂದು ಹುಡುಗಿ ದುಂಡಗೆ ಬರೆದಿದ್ದಾಳೆ. ತಾಯಿ ಅದನ್ನು ಕೂಡಿ ತಾಳೆ ನೋಡಿ, ಸರಿಯೆಂದು ಕಂಡು, ಪುಸ್ತಕ ಮುಚ್ಚಿದಳು. ಕೆಳಗಿನ ಐದು ತರಗತಿಗಳಲ್ಲಿ ಮಕ್ಕಳ ಸಂಖ್ಯೆ 151.